ಪಾದರಸದ ಪಾಪ ಯಾರ ಲೆಕ್ಕಕ್ಕೆ?

‘ಮಾಡಿದ್ದುಣ್ಣೋ ಮಹಾರಾಯ’ ಎನ್ನುವ ನಂಬಿಕೆ ಪೆರು ದೇಶದ ಮಾದ್ರೆ ದೆ ದಿಯೋಸ್ ಹೊಳೆಯ ದಂಡೆಯಲ್ಲಿ ನಡೆಯುವುದಿಲ್ಲ. ಅಲ್ಲಿ ಮಾಡುವವನೊಬ್ಬ, ಉಣ್ಣುವವನು ಇನ್ನೊಬ್ಬ.

ಅಮೆಜಾನ್ ಕಾಡಿನ ಈ ಸೀಮೆಯಲ್ಲಿ ಚಿನ್ನ ಹೊಳೆಮರಳಿನಲ್ಲಿ ನುಣ್ಣನೆಯ ಹುಡಿಯಾಗಿ ಬೆರೆತಿರುತ್ತದೆ. ಪಂಪಿನಿಂದೆತ್ತಿದ ಮರಳನ್ನು ಕಾರ್ಪೆಟ್ ಹಾಸಿದ ಇಳಿಜಾರಿನ ಮೇಲೆ ಹರಿಸಿದರೆ ಭಾರವಾದ ಕಪ್ಪು ಮರಳೂ ಚಿನ್ನವೂ ಅಲ್ಲೇ ಸಿಕ್ಕಿಕೊಳ್ಳುತ್ತವೆ. ಅದಕ್ಕೆ ಪಾದರಸ ಸುರಿದು ಕಲಸಿದಾಗ ಚಿನ್ನದ ಹುಡಿ ಅದಕ್ಕಂಟಿ ಮುದ್ದೆಯಾಗುತ್ತದೆ. ಮುದ್ದೆಯನ್ನು ಬಟ್ಟೆಯಲ್ಲಿ ಹಿಂಡಿ ಸುಟ್ಟರೆ ಪಾದರಸ ಆವಿಯಾಗಿ ಚಿನ್ನ ಉಳಿಯುತ್ತದೆ.

ಆವಿಯ ಒಂದು ಪಾಲು ಸುಡುವವನ ಎದೆಗೂಡಿಗೇ ಇಳಿಯುತ್ತದೆ. ಉಳಿದದ್ದು ಗಾಳಿ ಹಿಡಿದು ನೀರಿಗೆ ಬೀಳುತ್ತದೆ. ಕೆಸರಿನ ಸೂಕ್ಷ್ಮಜೀವಿಗಳು ಅದನ್ನು ಮೀಥೈಲ್ ಪಾದರಸವಾಗಿ ಮಾರ್ಪಡಿಸುತ್ತವೆ. ಸಣ್ಣ ಮೀನಿನಿಂದ ದೊಡ್ಡ ಮೀನಿಗೆ, ಅಲ್ಲಿಂದ ಬಸುರಿಯ ಊಟಕ್ಕೆ, ಕೊನೆಗೆ ಗರ್ಭದ ಮಗುವಿನ ಮಿದುಳಿಗೆ ಅದರ ಪಯಣ. 2016ರ ಮೇ ತಿಂಗಳಲ್ಲಿ ಪೆರು ಸರ್ಕಾರ ಇಲ್ಲಿನ 11 ಜಿಲ್ಲೆಗಳಲ್ಲಿ ತುರ್ತುಪರಿಸ್ಥಿತಿ ಸಾರಬೇಕಾಯಿತು. ಚಿನ್ನ ತೆಗೆಯದೆ ಮೀನು ತಿಂದು ಬದುಕಿದ ಮೂಲನಿವಾಸಿಗಳ ಮೈಯಲ್ಲೇ ವಿಷ ಹೆಚ್ಚಾಗಿತ್ತು.

ಪಾದರಸವನ್ನು ಸುರಕ್ಷಿತವಾಗಿ ಬಳಸಲಾಗದೆ? ರಿಟಾರ್ಟ್ ಎಂಬ ಸಾಧನವಿದೆ: ಮುಚ್ಚಿದ ಪಾತ್ರೆ, ಅದರಿಂದ ಹೊರಟ ಕೊಳವೆ, ಆವಿಯನ್ನು ತಣಿಸಲು ನೀರು. ಮುದ್ದೆಯಲ್ಲಿದ್ದ ಪಾದರಸದ ಬಹುಪಾಲು ಹನಿಯಾಗಿ ಮರಳಿ ಸಿಗುತ್ತದೆ. ಆದರೆ ಮೂತಿ ಸಡಿಲವಿದ್ದರೆ ಅಥವಾ ಬಿಸಿಯಿರುವಾಗಲೇ ತೆರೆದರೆ ಆವಿ ಮೂಗಿಗೇ. ಕಲಸುವಾಗ ಕೆಸರಿನೊಂದಿಗೆ ಹರಿದುಹೋದ ಪಾದರಸವನ್ನಂತೂ ಯಾವ ರಿಟಾರ್ಟೂ ಹಿಡಿಯಲಾರದು.

ಭಾರತೀಯ ಚಿಂತನೆಗೆ ಈ ಲೋಹ ಹೊಸದಲ್ಲ. ವಿಜಯನಗರ ಕಾಲದ ಮಾಧವಾಚಾರ್ಯರ ‘ಸರ್ವದರ್ಶನ ಸಂಗ್ರಹ’ದಲ್ಲಿ ರಸೇಶ್ವರ ದರ್ಶನಕ್ಕೇ ಒಂದು ಅಧ್ಯಾಯವಿದೆ: ಪಾದರಸದಿಂದ ದೇಹ ಸ್ಥಿರವಾದರೆ ಬದುಕಿರುವಾಗಲೇ ಮುಕ್ತಿ. ಪಾದರಸದ ದೋಷ ಕಳೆಯಲು ರಸಶಾಸ್ತ್ರ 18 ಸಂಸ್ಕಾರಗಳನ್ನು ವಿಧಿಸಿತು. ಅಂದರೆ ವಿಷದ ಅರಿವಿತ್ತು. ಆದರೆ ಆ ಎಚ್ಚರವೆಲ್ಲ ಸೇವಿಸುವವನ ದೇಹದ ಸುತ್ತಲೇ ಇತ್ತು. ಹೊಳೆಯ ಕೆಳದಂಡೆಯವರ ದೇಹದ ಪ್ರಶ್ನೆಗೆ ಬೇರೆ ದರ್ಶನವೇ ಬೇಕು.

ಜೈನರು ಅದನ್ನು ಕೊಟ್ಟಿದ್ದಾರೆ. ತಾನು ಮಾಡಿದ್ದು, ಮಾಡಿಸಿದ್ದು, ಮಾಡಿದವರನ್ನು ಅನುಮೋದಿಸಿದ್ದು: ಹಿಂಸೆಯ ಲೆಕ್ಕ ಈ ಮೂರಕ್ಕೂ ಹತ್ತುತ್ತದೆ. ಪೋಪ್ ಫ್ರಾನ್ಸಿಸ್ ತಮ್ಮ 2015ರ ‘ಲೌದಾತೊ ಸೀ’ ಎಂಬ ಧರ್ಮಪತ್ರದಲ್ಲಿ ಬೇರೆ ದಾರಿಯಿಂದ ಅಲ್ಲಿಗೇ ಬಂದರು. ಚಿನ್ನದ ಗಣಿಗಾರಿಕೆಯ ಪಾದರಸ ಮಾಲಿನ್ಯವನ್ನು ಅವರು ಶ್ರೀಮಂತ ದೇಶಗಳು ಹೊತ್ತ ಪರಿಸರದ ಸಾಲಕ್ಕೆ ಉದಾಹರಣೆಯಾಗಿ ಕೊಟ್ಟರು. ಹೀಗೆ ನೋಡಿದರೆ ಹೊಟ್ಟೆಪಾಡಿಗಾಗಿ ಮುದ್ದೆ ಸುಡುವ ಬಡವನೊಬ್ಬನೇ ಅಪರಾಧಿಯಾಗಲಾರ. ಪೆರುವಿನ ಚಿನ್ನ ಕೊಳ್ಳುವ ಪ್ರಮುಖ ದೇಶಗಳಲ್ಲಿ ಭಾರತವೂ ಒಂದು.

2017ರ ಆಗಸ್ಟ್‌ನಲ್ಲಿ ಜಾರಿಗೆ ಬಂದ, ಭಾರತವೂ ಸೇರಿರುವ, ಪಾದರಸ ಕುರಿತ ಅಂತರರಾಷ್ಟ್ರೀಯ ಮಿನಮಾಟಾ ಒಪ್ಪಂದ ಸಣ್ಣ ಗಣಿಗಳಲ್ಲಿ ಪಾದರಸವನ್ನು ಪೂರ್ತಿ ನಿಷೇಧಿಸಿಲ್ಲ. ಬಳಕೆ ತಗ್ಗಿಸಿ, ಸಾಧ್ಯವಾದಲ್ಲಿ ನಿಲ್ಲಿಸಿ ಎನ್ನುತ್ತದೆ. ಬಯಲಲ್ಲಿ ಸುಡುವುದನ್ನು, ಜನವಸತಿಯಲ್ಲಿ ಸುಡುವುದನ್ನು ಕೊನೆಗಾಣಿಸಲು ಹೇಳುತ್ತದೆ. ಫಿಲಿಪ್ಪೀನ್ಸ್‌ನ ಬೆಂಗೆಟ್‌ನಲ್ಲಿ ಸಣ್ಣ ಗಣಿಗಾರರು ಪಾದರಸ ಬಿಟ್ಟು ಬೊರಾಕ್ಸ್ ಬೆರೆಸಿ ಚಿನ್ನ ಕರಗಿಸುತ್ತಾರೆ. ಎಲ್ಲ ಬಗೆಯ ಮರಳಿಗೆ ಅದು ಒಗ್ಗದು. ಒಗ್ಗದ ಕಡೆ ರಿಟಾರ್ಟ್ ಕನಿಷ್ಠ ಕರ್ತವ್ಯ. ಅದನ್ನು ಪಾಪ ಪರಿಹಾರವೆಂದು ತಿಳಿಯಬಾರದು.

ನಮ್ಮ ಒಡವೆಯ ಮೇಲಿನ ಹಾಲ್‌ಮಾರ್ಕ್ ಚಿನ್ನದ ಶುದ್ಧತೆಯನ್ನಷ್ಟೇ ಹೇಳುತ್ತದೆ. ಯಾವ ಹೊಳೆಯಿಂದ, ಯಾವ ಬಗೆಯಲ್ಲಿ ತೆಗೆದದ್ದು ಎಂಬುದನ್ನೂ ಗ್ರಾಹಕರು ಅಂಗಡಿಯಲ್ಲಿ ಕೇಳತೊಡಗಬೇಕು.