ಜೇನು ತೆಗೆಯುವ ಯಂತ್ರವೂ ಮಧುತ್ಯಾಗವೂ

ಶ್ರಾವಕನ ಅಷ್ಟಮೂಲಗುಣಗಳನ್ನು ಹೇಳುವಾಗ ಆಚಾರ್ಯ ಸಮಂತಭದ್ರರು ಪಂಚಾಣುವ್ರತಗಳೊಡನೆ ಮದ್ಯ, ಮಾಂಸ, ಮಧುಗಳ ತ್ಯಾಗವನ್ನು ಸೇರಿಸಿದ್ದಾರೆ. ಮಧುವನ್ನು ಮಾಂಸದ ಸಾಲಿನಲ್ಲಿ ಇರಿಸಿದ್ದೇಕೆಂದು ಹಿಂದಿನವರಿಗೆ ವಿವರಿಸಬೇಕಾಗಿರಲಿಲ್ಲ. ಹುಟ್ಟಿಗೆ ಹೊಗೆಯಿಕ್ಕಿ, ತತ್ತಿ ಮರಿಗಳ ಸಹಿತ ಎರಿಯನ್ನು ಹಿಂಡುವುದನ್ನು ಅವರು ಕಣ್ಣಾರೆ ಕಂಡಿದ್ದರು. ಇಂದಿನ ತರುಣರಾದರೋ, “ಈಗ ಯಂತ್ರದಿಂದ ಜೇನು ತೆಗೆಯುತ್ತಾರೆ, ಎರಿಯನ್ನು ಹಿಂಡುವುದಿಲ್ಲ, ಇನ್ನೂ ಈ ನಿಯಮವೇಕೆ?” ಎಂದು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದುದು. ಉತ್ತರಿಸುವ ಮುನ್ನ ಆ ಯಂತ್ರದ ಚರಿತ್ರೆಯನ್ನು ಅರಿಯಬೇಕು.

ಯೂರೋಪಿನಲ್ಲಿ ಶತಮಾನಗಳ ಕಾಲ ಜೇನುಹುಳುಗಳನ್ನು ಸಾಕುತ್ತಿದ್ದುದು ಹುಲ್ಲಿನಿಂದ ಹೆಣೆದು ಬೋರಲಿಟ್ಟ ಬುಟ್ಟಿಗಳಲ್ಲಿ. ಎರಿಗಳು ಬುಟ್ಟಿಯ ಒಳಮೈಗೆ ಅಂಟಿರುತ್ತಿದ್ದುದರಿಂದ ಅವನ್ನು ಕೀಳದೆ ಜೇನು ದೊರೆಯುತ್ತಿರಲಿಲ್ಲ. ಗುಂಡಿಯಲ್ಲಿ ಗಂಧಕವನ್ನು ಉರಿಸಿ, ಅದರ ಮೇಲೆ ಬುಟ್ಟಿಯನ್ನಿರಿಸಿ, ಇಡೀ ಸಂಸಾರವನ್ನು ಕೊಂದು ಎರಿ ಹಿಂಡುವುದು ಅಲ್ಲಿ ವಾಡಿಕೆಯಾಗಿತ್ತು. 1851ರಲ್ಲಿ ಅಮೆರಿಕದ ಪಾದ್ರಿ ಲ್ಯಾಂಗ್‌ಸ್ಟ್ರಾತ್ ಒಂದು ಸೂಕ್ಷ್ಮವನ್ನು ಬಳಕೆಗೆ ತಂದರು: ಅಂಗುಲದ ಎಂಟರಲ್ಲಿ ಮೂರು ಪಾಲಿನಷ್ಟು ತೆರಪನ್ನು ಹುಳುಗಳು ಮುಚ್ಚದೆ ಓಡಾಟಕ್ಕೆ ಬಿಟ್ಟುಕೊಳ್ಳುತ್ತವೆ. ಈ ಅಳತೆಯಿಂದ ಎರಿಯ ಚೌಕಟ್ಟುಗಳನ್ನು ಬಿಡಿಬಿಡಿಯಾಗಿ ಎತ್ತಬಲ್ಲ ಪೆಟ್ಟಿಗೆ ಸಿದ್ಧವಾಯಿತು. 1865ರಲ್ಲಿ ಆಸ್ಟ್ರಿಯಾದ ಸೇನಾಧಿಕಾರಿಯಾಗಿದ್ದ ಹ್ರುಷ್ಕಾ ತಮ್ಮ ಯಂತ್ರವನ್ನು ಜೇನುಸಾಕಣೆಗಾರರ ಮುಂದಿಟ್ಟರು. ಮೇಣದ ಮುಚ್ಚಳಗಳನ್ನು ಕೊಯ್ದ ಎರಿಯನ್ನು ಪೀಪಾಯಿಯೊಳಗೆ ತಿರುಗಿಸಿದರೆ ಜೇನು ಸಿಡಿದು ಹೊರಬರುತ್ತದೆ. ಬರಿದಾದ ಎರಿ ಮುರಿಯದೆ ಮತ್ತೆ ಹುಳುಗಳಿಗೇ ಸಲ್ಲುತ್ತದೆ. ನಮ್ಮ ದಕ್ಷಿಣದಲ್ಲಿಯೂ 1910ರ ದಶಕದಲ್ಲಿ ಪಾದ್ರಿ ನ್ಯೂಟನ್ ತುಡುವೆ ಜೇನಿಗೆ ಒಪ್ಪುವ ಚಿಕ್ಕ ಪೆಟ್ಟಿಗೆಯನ್ನು ರೂಪಿಸಿದರು.

ಇದರಿಂದ ಉಳಿದ ಜೀವಗಳು ಅಸಂಖ್ಯ. ಅಹಿಂಸೆಯನ್ನು ಪರಮಧರ್ಮವೆನ್ನುವವರು ಈ ಉಪಕಾರವನ್ನು ಮನಸಾರೆ ಒಪ್ಪಬೇಕು. ಎಲ್ಲ ಜೇನನ್ನೂ ಮರಿಗಳನ್ನು ಹಿಂಡಿಯೇ ತೆಗೆಯುತ್ತಾರೆಂದು ಇಂದಿಗೂ ಹೇಳುವುದು ಸತ್ಯವ್ರತಕ್ಕೆ ಕುಂದು. ಸುಳ್ಳು ಕಾರಣದ ಮೇಲೆ ನಿಲ್ಲಿಸಿದ ನಿಯಮವನ್ನು ಮಕ್ಕಳು ಒಂದು ದಿನ ಬಿಟ್ಟೇಬಿಡುತ್ತಾರೆ.

ಹಾಗಾದರೆ ನಿಯಮಕ್ಕೆ ಉಳಿದ ಆಧಾರವೇನು? ತಾನಾಗಿಯೇ ಸೋರಿದ ಜೇನಿನಲ್ಲಿಯೂ ಅದನ್ನು ಆಶ್ರಯಿಸಿದ ಜೀವಿಗಳ ಘಾತವುಂಟೆಂದು ಆಚಾರ್ಯ ಅಮೃತಚಂದ್ರರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಹೇಳಿದ್ದಾರೆ. ಹಿಂಡುವುದೊಂದೇ ದೋಷವೆಂದು ಅವರೂ ಎಣಿಸಲಿಲ್ಲ. ಇದರೊಡನೆ ಅಚೌರ್ಯದ ವಿಚಾರವೂ ಇದೆ. ಹುಳುಗಳು ಜೇನನ್ನು ಕೂಡಿಡುವುದು ಹೂವಿಲ್ಲದ ದಿನಗಳಿಗಾಗಿ. ಅದರಲ್ಲಿ ಹೆಚ್ಚಿನದೆಷ್ಟು ಎಂದು ತೀರ್ಮಾನಿಸುವವನು ಒಯ್ಯುವವನೇ. ಆಸರೆ ಕೊಟ್ಟಿದ್ದೇನೆ, ಬದಲಿಗೆ ಸಕ್ಕರೆಯ ಪಾಕವನ್ನೂ ಇಡುತ್ತೇನೆ ಎಂದು ಅವನು ಹೇಳಬಹುದು. ಆದರೆ ತೂಗುವವನೂ, ಬೆಲೆ ಕಟ್ಟುವವನೂ, ಒಯ್ಯುವವನೂ ಒಬ್ಬನೇ ಆದರೆ ಅದನ್ನು ಯಾವ ಪೇಟೆಯಲ್ಲಿಯೂ ವ್ಯಾಪಾರವೆನ್ನುವುದಿಲ್ಲ. ಕೊಡದುದನ್ನು ಕೊಳ್ಳುವುದು ಅದತ್ತಾದಾನವೇ ಸರಿ.

ಜೇನು ಸಾಕುವವರನ್ನು ಹಳಿಯಲು ಈ ಮಾತಲ್ಲ. ಅವರ ಪೆಟ್ಟಿಗೆಯ ಹುಳುಗಳಿಂದ ಹೊಲ ತೋಟಗಳ ಫಸಲು ಹೆಚ್ಚುತ್ತದೆ, ಅದನ್ನು ನಾವೂ ಉಣ್ಣುತ್ತೇವೆ. ಉಪಕರಣ ಸುಧಾರಿಸಿದಷ್ಟೂ ಹಿಂಸೆ ತಗ್ಗುತ್ತದೆ, ತಗ್ಗಲಿ. ಕೇಳಿ ಪಡೆಯಲಾಗದ್ದನ್ನು ಬೇಡವೆನ್ನುವ ಸಂಯಮವನ್ನು ಮಾತ್ರ ಯಾವ ಯಂತ್ರವೂ ನಮ್ಮ ಪರವಾಗಿ ಆಚರಿಸಲಾರದು.