ನೇಯ್ದ ಕೈಗೆ ಸಂದದ್ದೆಷ್ಟು?

ಗುಂಡ್ಲುಪೇಟೆಯ ಡಿಸೆಂಬರ್ ಚಳಿಗೆಂದು ನಿಮ್ಮ ಮನೆಯಲ್ಲೂ ಹಿರಿಯರ ಕಾಲದ ಕರಿಕಂಬಳಿಯೊಂದು ಇದ್ದೀತು. ಕ್ರಿಸ್ಮಸ್ಸಿಗೆ ಸುಣ್ಣ ಬಳಿಯುವಾಗ ಅದನ್ನು ಹಳೇ ಬಟ್ಟೆಗಳ ಜೊತೆ ಪಾತ್ರೆಯವಳಿಗೆ ಕೊಟ್ಟು ಸ್ಟೀಲ್ ಡಬ್ಬ ಪಡೆದವರೂ ಉಂಟು. ಇಂಥದೇ ಹಳ್ಳಿ ನೇಯ್ಗೆಗೆ ಲಕ್ಷಗಟ್ಟಲೆ ಸುರಿಯುವ ಜನ ಲೋಕದಲ್ಲಿದ್ದಾರೆಂದರೆ ನಂಬುವಿರಾ?

ಪರ್ಷಿಯಾದ, ಅಂದರೆ ಇಂದಿನ ಇರಾನಿನ, ಹಳೆಯ ರತ್ನಗಂಬಳಿಗಳ ಸಂಗತಿ ಇದು. ಇಸ್ಫಹಾನ್, ಕಾಶಾನ್ ನಗರಗಳ ಕಾರ್ಖಾನೆಗಳಲ್ಲಿ ಚಿತ್ರಗಾರ ಬರೆದುಕೊಟ್ಟ ನಕ್ಷೆ ನೋಡಿ ಗಂಟು ಹಾಕುತ್ತಿದ್ದರು. ಹಮದಾನ್ ಸುತ್ತಲಿನ ಹಳ್ಳಿಗಳ ಹೆಂಗಸರು ನೆನಪಿನಿಂದಲೇ ನೇಯುತ್ತಿದ್ದರು. ಮಂಜಿಷ್ಠದ ಜಾತಿಯ ಬೇರಿನಿಂದ ಕೆಂಪು, ನೀಲಿಗಿಡದಿಂದ ನೀಲಿ. ಅದ್ದಿಟ್ಟ ನೂಲು ಮುಗಿದರೆ ಮತ್ತೆ ಅದ್ದಬೇಕು. ಆಗ ಅದೇ ಬಣ್ಣ ಬಾರದು. ಹೀಗೆ ನಡುವೆಯೇ ಕೆಂಪು ತೆಳುವಾಗುತ್ತದೆ, ಜಾಗ ಸಾಲದೆ ಕೊನೆಯ ಹೂವು ಮುದುಡಿಕೊಳ್ಳುತ್ತದೆ. ಸಂಗ್ರಾಹಕರು ಮನಸೋಲುವುದು ಇದಕ್ಕೇ! 1856ರಲ್ಲಿ ಇಂಗ್ಲೆಂಡಿನ ಪರ್ಕಿನ್ ರಾಸಾಯನಿಕ ಬಣ್ಣ ಕಂಡುಹಿಡಿದ ಮೇಲೆ ಬೇರು-ಎಲೆಗಳ ಬಣ್ಣ ಕ್ರಮೇಣ ಅಪರೂಪವಾಯಿತು, ಹಳೆಯದರ ಬೆಲೆ ಏರಿತು.

ದೇವರೊಬ್ಬನೇ ಪರಿಪೂರ್ಣನೆಂದು ತೋರಿಸಲು ನೇಯುವವರು ಬೇಕೆಂದೇ ಒಂದು ತಪ್ಪು ಬಿಡುತ್ತಿದ್ದರಂತೆ. ವ್ಯಾಪಾರಿಗಳು ಹೇಳುವ ಕಥೆ. ನನಗೇನೋ ಒಪ್ಪಿಗೆಯಾಗದು. ಒಲೆ, ಕೂಸು, ಕುರಿಗಳ ನಡುವೆ ನೇಯುವವಳು ತಪ್ಪನ್ನು ಹುಡುಕಿಕೊಂಡು ಹೋಗಬೇಕೇ?

ಆ ಲಕ್ಷಗಳು ಯಾರಿಗೆ ಸೇರಿದವು? ಕಷ್ಟಕಾಲದಲ್ಲಿ ಮನೆಯ ಹಾಸನ್ನು ಮಾರಿದವಳಿಗೆ ದಲ್ಲಾಳಿ ಕೊಟ್ಟಷ್ಟೇ ಪಾಲು. ಅವಳ ಹೆಸರೂ ಉಳಿದಿಲ್ಲ. ಸಂಗ್ರಾಹಕರು ಕಾಪಾಡದಿದ್ದರೆ ಅದು ಕಾಲೊರೆಸಾಗಿ ಸವೆದುಹೋಗುತ್ತಿತ್ತು ಎಂಬ ಮಾತೂ ಸುಳ್ಳಲ್ಲ. ಸತ್ತವಳಿಗೆ ಕೂಲಿ ತಲುಪಿಸಲಾಗದು.

ಬದುಕಿರುವವರಿಗೆ? ನಮ್ಮ ಧಾರವಾಡ ಜಿಲ್ಲೆಯ ನವಲಗುಂದದಲ್ಲಿ ಮುಸ್ಲಿಂ ಮನೆತನಗಳ ಹೆಂಗಸರು ನವಿಲು, ಪಗಡೆಹಾಸಿನ ಚಿತ್ತಾರದ ಹತ್ತಿಯ ಜಮಖಾನ ನೇಯುತ್ತ ಬಂದಿದ್ದಾರೆ. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ನೇಯುವ ಕೈಗಳು ಮಾತ್ರ ಬೆರಳೆಣಿಕೆಗೆ ಇಳಿದಿವೆ. ಕುರುಬರ ಕಂಬಳಿಯದೂ ಇದೇ ಪಾಡು. ಹೆಂಗಸರು ಉಣ್ಣೆ ನೂಲಬೇಕು, ಹುಣಸೆಬೀಜದ ಗಂಜಿ ಹಚ್ಚಿ ಹಾಸುನೂಲು ಬಿಗಿಗೊಳಿಸಬೇಕು, ಗಂಡಸರು ಗುಂಡಿಮಗ್ಗದಲ್ಲಿ ಕೂರಬೇಕು. ಅಂಥ ಕಂಬಳಿ ಚಾಮರಾಜನಗರದ ಸಂತೆಯಲ್ಲೋ ಮನೆಬಾಗಿಲಲ್ಲೋ ಸಿಕ್ಕಿದರೆ ನಾವೇನು ಮಾಡುತ್ತೇವೆ? ಮಿಲ್ಲಿನ ರಗ್ಗು ಇದಕ್ಕಿಂತ ಅಗ್ಗ ಎನ್ನುತ್ತೇವೆ. ಅಂಚು ಸೊಟ್ಟಗಿದೆಯೆಂದು ಬೆರಳಿಟ್ಟು ತೋರಿಸಿ ಐವತ್ತು ರೂಪಾಯಿ ಇಳಿಸುತ್ತೇವೆ.

ಮುಂದಿನ ಸಲ ಮೊದಲು ಕೇಳಿ ನೋಡಿ: ನೂಲು ತೆಗೆದವರಾರು, ಎಷ್ಟು ದಿನ ಹಿಡಿಯಿತು? ಚೌಕಾಸಿ ಆಮೇಲೆ ಇದ್ದೇ ಇದೆ.