ಹೊರುವುದು ಮತ್ತು ಇಳಿಸುವುದು

ಕನ್ನಡ ಪಾಠ ಮಾಡುವವಳಾದ್ದರಿಂದ ನಾನಾರ್ಥಗಳ ಚಟ ನನಗೆ ಸ್ವಲ್ಪ ಹೆಚ್ಚು. 'ದಂಡ' ಎಂಬ ಮಾತನ್ನೇ ತೆಗೆದುಕೊಳ್ಳಿ. ಕೋಲು ಎಂದು ಒಂದರ್ಥ, ತಪ್ಪಿಗೆ ತೆರುವ ಹಣ ಎಂದು ಇನ್ನೊಂದು. 'ಅಷ್ಟು ದೂರ ಹೋಗಿದ್ದೂ ದಂಡ' ಎಂದಾಗ ವ್ಯರ್ಥ ಎಂದು ಮತ್ತೊಂದು. ಗರಡಿಮನೆಯಲ್ಲಿ ಪೈಲ್ವಾನರು ನೆಲಕ್ಕೆ ಅಂಗೈ ಊರಿ ಹೊಡೆಯುವುದೂ ದಂಡವೇ. ಅದರ ಜೋಡಿ ಬಸ್ಕಿ. ಬಸ್ಕಿಯ ಕಥೆ ಇನ್ನೂ ವಿಚಿತ್ರ. ಗರಡಿಯ ಕೆಮ್ಮಣ್ಣಿನ ಮೇಲೆ ಹೊಡೆದರೆ ಅದು ಸಾಧನೆ. ಗಣಪತಿಯ ಮುಂದೆ ಕಿವಿ ಹಿಡಿದುಕೊಂಡು ಮಾಡಿದರೆ ಭಕ್ತಿ. ಶಾಲೆಯ ವರಾಂಡದಲ್ಲಿ ನಾಲ್ಕು ಜನರೆದುರು ಮಾಡಿಸಿದರೆ ಅವಮಾನ. ಮಂಡಿ ಮಡಿಯುವುದು ಒಂದೇ ರೀತಿ, ನೋಯುವ ತೊಡೆಯೂ ಒಂದೇ. ನಾವು ಓದುವ ಕಾಲಕ್ಕೆ ಶಾಲೆಯ ಬಸ್ಕಿ ಮಗ್ಗಿಯಷ್ಟೇ ಸಾಮಾನ್ಯವಾಗಿತ್ತು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ಮಕ್ಕಳಿಗೆ ಮೈ ನೋಯಿಸುವ ಶಿಕ್ಷೆಯನ್ನೇ ನಿಷೇಧಿಸಿತು. ಬಹಳ ಒಳ್ಳೆಯದಾಯಿತು.

ಈಗ ಎರಡು ವರ್ಷದಿಂದ ನಾನು ನಾಲ್ಕನೆಯ ಬಗೆಯ ಬಸ್ಕಿ ಹೊಡೆಯುತ್ತಿದ್ದೇನೆ, ಹೆಗಲ ಮೇಲೆ ಕಬ್ಬಿಣ ಹೊತ್ತುಕೊಂಡು. ಜಿಮ್ಮಿನ ಹುಡುಗರು ಇದನ್ನು ಸ್ಕ್ವಾಟ್ ಎನ್ನುತ್ತಾರೆ. ಆ ಉದ್ದ ಸಲಾಕೆಗೆ ಬಾರ್‌ಬೆಲ್ ಎಂದು ಹೆಸರು; ಬರಿಯ ಸಲಾಕೆಯೇ 20 ಕಿಲೋ. ಎರಡು ತುದಿಗೂ ಬಿಲ್ಲೆಗಳನ್ನು ಪೋಣಿಸಿ ತೂಕ ಏರಿಸುತ್ತಾರೆ. ವಿನೋಬನಗರದ ನಮ್ಮ ಮನೆಗೆ ಹತ್ತಿರದಲ್ಲೇ ಒಂದು ಜಿಮ್ ಇದೆ. ಅಲ್ಲಿ ಹೇಳಿಕೊಡುವವನು ನನ್ನ ಬಳಿಯೇ ಏಳನೇ ತರಗತಿ ಓದಿದ ಹುಡುಗ. ಆಗ ಹಾಜರಿ ಕೂಗುತ್ತಿದ್ದವಳು ನಾನು, ಈಗ ಎಣಿಸುವವನು ಅವನು. "ಮಿಸ್, ಇನ್ನೊಂದು, ಇನ್ನೊಂದೇ ಒಂದು" ಎನ್ನುವಾಗ ಅವನ ದನಿಯಲ್ಲಿ ಸಣ್ಣದೊಂದು ಸೇಡು ಇದೆಯೇನೋ ಎಂದು ನನಗೆ ಅನುಮಾನ.

ಕ್ರಮ ಬಹಳ ಸರಳ. ಸೋಮವಾರ, ಬುಧವಾರ, ಶುಕ್ರವಾರ, ವಾರಕ್ಕೆ ಮೂರೇ ದಿನ. ಐದು ಸುತ್ತು, ಸುತ್ತಿಗೆ ಐದು ಸಲ. ಅಮೆರಿಕದ ಬಿಲ್ ಸ್ಟಾರ್ ಎಂಬ ತರಬೇತುದಾರ 1976ರಲ್ಲಿ ಪುಸ್ತಕ ಬರೆದು ಈ ಐದೈದರ ಲೆಕ್ಕವನ್ನು ಜನಪ್ರಿಯ ಮಾಡಿದ. ಇಪ್ಪತ್ತೈದನ್ನೂ ಸರಿಯಾಗಿ ಮುಗಿಸಿದರೆ ಮುಂದಿನ ಸಲ ಎರಡೂವರೆ ಕಿಲೋ ಜಾಸ್ತಿ. ಮುಗಿಸಲಾಗದಿದ್ದರೆ ಅದೇ ತೂಕ. ಮೂರು ಸಲವೂ ಆಗದಿದ್ದರೆ ಹತ್ತರಲ್ಲಿ ಒಂದು ಪಾಲು ಇಳಿಸಿ ಮತ್ತೆ ಏರುತ್ತ ಬರಬೇಕು. ಸಲಾಕೆಯನ್ನು ಕತ್ತಿನ ಮೇಲಲ್ಲ, ಬೆನ್ನಿನ ಮೇಲ್ಭಾಗದ ಸ್ನಾಯುವಿನ ಮೇಲೆ ಇಟ್ಟುಕೊಳ್ಳುವುದು, ಹೊಟ್ಟೆ ತುಂಬ ಉಸಿರು ಎಳೆದು ಕಟ್ಟುವುದು, ಸೊಂಟ ಮಂಡಿಗಿಂತ ಕೆಳಗಿಳಿಯುವ ತನಕ ಕೂತು ಏಳುವುದು. ಎರಡೂ ಪಕ್ಕ ಕೆಳಗಡೆ ಅಡ್ಡಕಂಬಿಗಳಿರುತ್ತವೆ. ಏಳಲು ಆಗದೇ ಹೋದರೆ ಭಾರವನ್ನು ಅವುಗಳ ಮೇಲೆ ಬಿಟ್ಟು ಈಚೆ ಬಂದುಬಿಡಬಹುದು. ಈ ಕಂಬಿಗಳ ವಿಚಾರ ಮುಂದೆ ಮತ್ತೆ ಬರುತ್ತದೆ.

ಸುತ್ತಿನಿಂದ ಸುತ್ತಿಗೆ ಮೂರು ನಿಮಿಷ ಸುಮ್ಮನೆ ಕೂರಬೇಕು. ನಿಜ ಹೇಳುತ್ತೇನೆ, ಭಾರ ಹೊರುವುದಕ್ಕಿಂತ ನನಗೆ ಕಷ್ಟವಾದದ್ದು ಈ ಕೂರುವುದು. ಮೂರು ನಿಮಿಷದಲ್ಲಿ ಎಷ್ಟು ಬೀನ್ಸು ಹೆಚ್ಚಬಹುದು!

ನಂಟರ ಮದುವೆಮನೆಯಲ್ಲಿ ಸುದ್ದಿ ಹೇಗೋ ಹರಡಿ, ಪಂಕ್ತಿಯಲ್ಲಿ ಪಕ್ಕ ಕೂತವರು ಕೇಳಿದರು: "ಈ ವಯಸ್ಸಿಗೆ ಇದೆಲ್ಲ ಯಾಕ್ರೀ?" ಡಾಕ್ಟರು ಮೂಳೆಯ ಸಾಂದ್ರತೆ ಕಡಿಮೆಯಾಗಿದೆ ಅಂದರು ಎಂದೆ. ತಕ್ಷಣ ಎಲ್ಲರ ಮುಖವೂ ಸಡಿಲವಾಯಿತು. "ಹಾಗಾದ್ರೆ ಸರಿ ಬಿಡಿ." ನಾನು ಹೇಳಿದ್ದೇನೂ ಸುಳ್ಳಲ್ಲ. ಮುಟ್ಟು ನಿಂತ ಮೇಲೆ ನಮ್ಮ ಮೂಳೆಗಳು ಬೇಗ ಸವೆಯುತ್ತವೆ. ಆಸ್ಟ್ರೇಲಿಯದ ಗ್ರಿಫಿತ್ ವಿಶ್ವವಿದ್ಯಾಲಯದವರು 58 ದಾಟಿದ, ಮೂಳೆ ಸವೆದ 101 ಮಂದಿ ಹೆಂಗಸರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ವಾರಕ್ಕೆರಡು ಸಲ ಅರ್ಧ ಗಂಟೆ, ಎಂಟು ತಿಂಗಳು, ಇದೇ ಬಸ್ಕಿಯೂ ಸೇರಿದಂತೆ ಭಾರಿ ತೂಕದ ಅಭ್ಯಾಸ, ತರಬೇತುದಾರರ ಕಣ್ಣೆದುರಿಗೇ. ಇನ್ನೊಂದು ಗುಂಪಿಗೆ ಮನೆಯಲ್ಲೇ ಹಗುರ ವ್ಯಾಯಾಮ. 2018ರಲ್ಲಿ ಅಚ್ಚಾದ ವರದಿಯ ಪ್ರಕಾರ ಮೊದಲ ಗುಂಪಿನವರ ಸೊಂಟದ ಬೆನ್ನೆಲುಬಿನ ಸಾಂದ್ರತೆ ಸರಾಸರಿ ನೂರಕ್ಕೆ ಸುಮಾರು 3ರಷ್ಟು ಹೆಚ್ಚಿತು, ಎರಡನೆಯವರದು ಕಡಿಮೆಯಾಯಿತು. ನನ್ನ ಬಳಿ ಇಷ್ಟು ಒಳ್ಳೆಯ ಸಾಕ್ಷಿ ಇದೆ.

ಆದರೆ ಅವತ್ತು ಬಾಳೆಲೆಯ ಮುಂದೆ ಕೂತು ಯೋಚಿಸುತ್ತಿದ್ದೆ: ಮೂಳೆಯ ಮಾತೇ ಇಲ್ಲದೆ 'ನನಗೆ ಖುಷಿ, ಬಲ ಬರಲಿ ಅಂತ ಮಾಡ್ತೀನಿ' ಎಂದಿದ್ದರೆ? ಗಂಡಸು ಹಾಗೆಂದರೆ ಯಾರೂ ಮುಂದೆ ಪ್ರಶ್ನೆ ಕೇಳುವುದಿಲ್ಲ. ಗರಡಿ ಕಟ್ಟಿಸಿ, ಹನುಮಂತನ ಪಟ ತೂಗುಹಾಕಿ, ಜಾತ್ರೆಯಲ್ಲಿ ಕುಸ್ತಿ ಇಟ್ಟು, ಊರೇ ನಿಂತು ನೋಡುತ್ತದೆ. ಹೆಂಗಸಿಗೆ ಬಲ ಬೇಡವೆಂದು ಯಾರೂ ಹೇಳಿದವರಿಲ್ಲ. ತುಂಬಿದ ಗ್ಯಾಸ್ ಸಿಲಿಂಡರ್ ಹತ್ತಿರ ಹತ್ತಿರ 30 ಕಿಲೋ ತೂಗುತ್ತದೆ. ಅದನ್ನು ಬಾಗಿಲಿನಿಂದ ಒಲೆಯ ತನಕ ಉರುಳಿಸಿಕೊಂಡು ಹೋಗುವವರು ಯಾರು? ಸೊಂಟದ ಮೇಲೆ ಮಗು, ತಲೆಯ ಮೇಲೆ ಕೊಡ, ಒರಳುಕಲ್ಲು, ಹಾಸಿಗೆ ಹಿಡಿದ ಅತ್ತೆಯನ್ನು ಮಗ್ಗುಲು ಬದಲಿಸುವುದು. ಬಲ ನಮ್ಮಲ್ಲಿದೆ ಎಂದು ಎಲ್ಲರಿಗೂ ಗೊತ್ತು. ಅದು ಖರ್ಚಾಗುವ ತನಕ ಯಾರಿಗೂ ತಕರಾರಿಲ್ಲ, ಸಂಪಾದಿಸಲು ಹೊರಟಾಗ ಮಾತ್ರ 'ಯಾರಿಗಾಗಿ?' ಎಂಬ ಪ್ರಶ್ನೆ. ಒಲಿಂಪಿಕ್ಸಿನಲ್ಲೇ ಗಂಡಸರು 1896ರಲ್ಲಿ ಭಾರ ಎತ್ತಿದರು, ಹೆಂಗಸರಿಗೆ ಆ ಕಣ ತೆರೆದದ್ದು 2000ದಲ್ಲಿ. ತೆರೆದ ವರ್ಷವೇ ಸಿಡ್ನಿಯಲ್ಲಿ ನಮ್ಮ ನೆರೆಯ ಆಂಧ್ರದ ಕರ್ಣಂ ಮಲ್ಲೇಶ್ವರಿ ಒಟ್ಟು 240 ಕಿಲೋ ಎತ್ತಿ ಕಂಚು ತಂದಳು. ಒಲಿಂಪಿಕ್ ಪದಕ ಗೆದ್ದ ಮೊದಲ ಭಾರತೀಯ ಮಹಿಳೆ ಅವಳು.

ನಮ್ಮಲ್ಲೂ ಇದರ ಪರಂಪರೆ ಇಲ್ಲದಿಲ್ಲ. 'ಶಾಂತಲಾ' ಕಾದಂಬರಿಯನ್ನು ಓದದ ಹೆಂಗಸರು ನನ್ನ ಪೀಳಿಗೆಯಲ್ಲಿ ಕಡಿಮೆ. ಅದನ್ನು ಬರೆದ ಕೆ.ವಿ. ಅಯ್ಯರ್ ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸುತ್ತಿದ್ದವರು. ಬಾರ್‌ಬೆಲ್ಲನ್ನೂ ಸೂರ್ಯನಮಸ್ಕಾರವನ್ನೂ ಜೊತೆಯಲ್ಲೇ ಕಲಿಸಿದವರು, 1930ರಲ್ಲೇ ಮೈಕಟ್ಟಿನ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದವರು, ಅಂಚೆಯ ಮೂಲಕ ದೂರದೂರದವರಿಗೆ ವ್ಯಾಯಾಮದ ಪಾಠ ಕಳುಹಿಸುತ್ತಿದ್ದವರು. ನಾವು ಅವರ ಕಾದಂಬರಿಯನ್ನು ಓದಿ ಕಣ್ಣೊರೆಸಿಕೊಂಡೆವೇ ಹೊರತು ಅವರ ಸಲಾಕೆಯ ಕಡೆ ನೋಡಲಿಲ್ಲ.

ಮದುವೆಮನೆಯವರ ಪ್ರಶ್ನೆಗೆ ಹೀಗೆ ಉತ್ತರ ಹುಡುಕಿಕೊಂಡೆ. ಅಮ್ಮನ ಪ್ರಶ್ನೆಗೆ ಅಷ್ಟು ಸುಲಭವಾಗಿ ಸಿಗಲಿಲ್ಲ.

ನನ್ನ ತವರು ಭದ್ರಾವತಿ. ಹಿಂದೆ ಬೆಂಕಿಪುರ ಎಂದು ಕರೆಯುತ್ತಿದ್ದ ಆ ಊರು ಭದ್ರಾವತಿಯಾಗಿ ಬೆಳೆದದ್ದೇ ಕಬ್ಬಿಣದಿಂದ. 1918ರಲ್ಲಿ ಸ್ಥಾಪನೆಯಾಗಿ, 1923ರಲ್ಲಿ ಕಬ್ಬಿಣ ತಯಾರಿಸಲು ತೊಡಗಿ, ವಿಶ್ವೇಶ್ವರಯ್ಯನವರ ಕೈಯಲ್ಲಿ ದಡ ಸೇರಿದ ಕಾರ್ಖಾನೆ ಅದು. ಕೆಮ್ಮಣ್ಣುಗುಂಡಿಯ ಅದಿರು ಅಲ್ಲಿಗೆ ಬರುತ್ತಿತ್ತು. ನಮ್ಮಪ್ಪ ಅಲ್ಲಿ ಪಾಳಿಯ ಮೇಲೆ ದುಡಿದವರು. ಹೋದ ವರ್ಷ ಒಂದು ಭಾನುವಾರ ಊರಿಗೆ ಹೋಗಿದ್ದಾಗ ಜಿಮ್ಮಿನ ಸಂಗತಿಯನ್ನು ಅಮ್ಮನಿಗೆ ಬಿಡಿಸಿ ಹೇಳಿದೆ. ಸುಮ್ಮನೆ ಕೇಳಿಸಿಕೊಂಡು ಅಮ್ಮ ಕೇಳಿದಳು:

"ತಿಂಗಳಿಗೆ ಎಷ್ಟು ಕೊಡ್ತೀಯೇ?"

ಹೇಳಿದೆ.

"ಅಲ್ವೇ, ನಿಮ್ಮಪ್ಪನಿಗೆ ಕಬ್ಬಿಣ ಎತ್ತಿದ್ರೆ ದುಡ್ಡು ಕೊಡ್ತಿದ್ರು. ನೀನು ಕಬ್ಬಿಣ ಎತ್ತಿ ದುಡ್ಡು ಕೊಟ್ಟು ಬರ್ತೀಯಾ?"

ನಗುತ್ತಲೇ ಹೇಳಿದ್ದು. ಆದರೆ ಶಿವಮೊಗ್ಗಕ್ಕೆ ವಾಪಸಾಗುವ ಬಸ್ಸಿನಲ್ಲಿ ಆ ಮಾತು ನನ್ನ ಜೊತೆಯಲ್ಲೇ ಕೂತು ಬಂತು. ಪೇಪರ್‌ಟೌನಿನ ಕಾಗದದ ಕಾರ್ಖಾನೆಯಲ್ಲಿ 2015ರಲ್ಲೇ ಉತ್ಪಾದನೆ ನಿಂತುಹೋಗಿತ್ತು. 2023ರ ಜನವರಿಯಲ್ಲಿ ಕಬ್ಬಿಣದ ಕಾರ್ಖಾನೆಯನ್ನೂ ಮುಚ್ಚುವ ತೀರ್ಮಾನ ಹೊರಬಿದ್ದಾಗ ಗುತ್ತಿಗೆ ಕಾರ್ಮಿಕರು ಧರಣಿ ಕೂತರು. ಎತ್ತಲು ಕೆಲಸ ಕೊಡಿ ಎಂದು ಒಂದು ಊರು ಕೇಳುತ್ತಿರುವಾಗ ಇಪ್ಪತ್ತು ಕಿಲೋಮೀಟರ್ ಈಚೆ ಒಬ್ಬಳು ಮೇಡಂ ಫೀಸು ಕಟ್ಟಿ ಎತ್ತಿ, ಎತ್ತಿದ್ದನ್ನು ಇದ್ದಲ್ಲೇ ಇಟ್ಟು ಬರುತ್ತಾಳೆ. ಇದನ್ನೇ ಅಲ್ಲವೇ ಕನ್ನಡದಲ್ಲಿ ದಂಡ ಎನ್ನುವುದು?

ಜಿಮ್ಮಿನ ಎದುರಿಗೆ ಆಗ ಒಂದು ಕಟ್ಟಡ ಏಳುತ್ತಿತ್ತು. ಗಾರೆ ಕೆಲಸದ ಹೆಂಗಸರು ತಲೆಯ ಮೇಲೆ ಸಿಂಬೆ, ಅದರ ಮೇಲೆ ಬಾಂಡ್ಲಿ ಹೊತ್ತು ಮೆಟ್ಟಿಲು ಹತ್ತುತ್ತಿದ್ದರು. ಒಂದು ಸಂಜೆ ಅವರಲ್ಲೊಬ್ಬಳು ರಸ್ತೆ ದಾಟಿ ಬಂದು "ಒಳಗೆ ಏನ್ ಮಾಡ್ತೀರಕ್ಕಾ?" ಎಂದಳು. ಹೇಳಿದೆ. "ಎಷ್ಟು ಸಲ?" ಇಪ್ಪತ್ತೈದು ಎಂದೆ. ಅವಳಿಗೆ ನಗು ತಡೆಯಲಾಗಲಿಲ್ಲ. "ಇಪ್ಪತ್ತೈದೇಯಾ!" ಅವಳಿಗೆ ನನಗಿಂತ ಹದಿನೈದು ವರ್ಷವಾದರೂ ಕಡಿಮೆ. ಆದರೆ ಮೆಟ್ಟಿಲಿಳಿಯುವಾಗ ಮಂಡಿ ಹಿಡಿದುಕೊಂಡು ಒಂದು ಪಕ್ಕಕ್ಕೆ ವಾಲುತ್ತಿದ್ದಳು.

ನನ್ನನ್ನು ಬಹಳ ದಿನ ಕಾಡಿದ್ದು ಇದು. ಭಾರಕ್ಕೆ ಪಕ್ಷಪಾತವಿಲ್ಲ, ಇಪ್ಪತ್ತು ಕಿಲೋ ಎಂದರೆ ಅವಳಿಗೂ ಇಪ್ಪತ್ತು, ನನಗೂ ಇಪ್ಪತ್ತು. ಮತ್ತೆ ಹೊತ್ತು ಹೊತ್ತು ಅವಳ ಮಂಡಿ ಸವೆಯುವುದು, ನನ್ನ ಮೂಳೆ ಗಟ್ಟಿಯಾಗುವುದು, ಇದ್ಯಾವ ನ್ಯಾಯ? ದುಡಿಮೆಯೇ ವ್ಯಾಯಾಮ, ಮನೆಗೆಲಸ ಮಾಡುವವರಿಗೆ ಜಿಮ್ ಯಾಕೆ ಎಂದು ಹೇಳುವವರು ಈ ವ್ಯತ್ಯಾಸವನ್ನು ನೋಡಿಲ್ಲ. ಗ್ರೀಸಿನವರ ಒಂದು ಹಳೆಯ ಕಥೆಯಿದೆ: ಮೈಲೋ ಎಂಬ ಜಟ್ಟಿ ಕರುವೊಂದನ್ನು ದಿನಾ ಹೆಗಲ ಮೇಲೆ ಹೊತ್ತು ನಡೆದನಂತೆ. ಕರು ಬೆಳೆದು ಹೋರಿಯಾಯಿತು, ಅವನ ಬಲವೂ ಅದರ ಜೊತೆ ಬೆಳೆಯಿತು. ಚೆನ್ನಾದ ಕಥೆ. ಅವನು ಹೊತ್ತದ್ದು ಒಂದೇ ಕರು. ಸಂಜೆ ಹೊತ್ತಿಗೆ ಇನ್ನೂ ನೂರು ಕರು ಹೊರಬೇಕೆಂದು ಅವನಿಗೆ ಯಾವ ಮೇಸ್ತ್ರಿಯೂ ಹೇಳಲಿಲ್ಲ.

ಸ್ನಾಯು ಬೆಳೆಯುವುದು ಎತ್ತುವ ಹೊತ್ತಿನಲ್ಲಲ್ಲ, ಎತ್ತಿದ ಮೇಲಿನ ಬಿಡುವಿನಲ್ಲಿ, ಊಟದಲ್ಲಿ, ನಿದ್ದೆಯಲ್ಲಿ. ಮಂಗಳವಾರ ನಾನು ಹೊರುವುದಿಲ್ಲ; ಹೊರದಿರುವುದೂ ಕ್ರಮದ ಭಾಗ. ಬೆಳಿಗ್ಗೆ ಮೊಟ್ಟೆ ತಿನ್ನುತ್ತೇನೆ, ಬೇಳೆಯನ್ನು ಗಟ್ಟಿಯಾಗಿ ಬಡಿಸಿಕೊಳ್ಳುತ್ತೇನೆ. ಆಗದ ದಿನ ಅಡ್ಡಕಂಬಿಯ ಮೇಲೆ ಇಳಿಸಿ ಈಚೆ ಬರುತ್ತೇನೆ, ಯಾರೂ ಕೂಲಿ ಹಿಡಿಯುವುದಿಲ್ಲ. ಆ ಹೆಣ್ಣುಮಗಳಿಗೆ ಮಂಗಳವಾರವೂ ಇಲ್ಲ, ಅಡ್ಡಕಂಬಿಯೂ ಇಲ್ಲ. ಶಾಲೆಯ ಬಸ್ಕಿಗೂ ಗರಡಿಯ ಬಸ್ಕಿಗೂ ಇರುವ ಅಂತರವೂ ಇದೇ ಇರಬೇಕು. ಎಷ್ಟು ಎಂದು ಎಣಿಸುವವರು ಯಾರು, ಸಾಕು ಎನ್ನುವವರು ಯಾರು? ನನಗೆ ಎಣಿಸುವವನು ಆ ಹುಡುಗನೇ ಆದರೂ ಸಾಕು ಎನ್ನುವವಳು ನಾನು.

ಇದರಿಂದ ಅಮ್ಮನ ಪ್ರಶ್ನೆ ಪರಿಹಾರವಾಯಿತು ಎನ್ನಲಾರೆ. ಬಿಡುವು ಎಂಬುದು ಕೂಡ ಸಂಬಳದ ಜೊತೆ ಬರುವ ಸವಲತ್ತು. ನನಗೆ ಅದಿದೆ, ಎದುರು ಕಟ್ಟಡದವಳಿಗೆ ಇಲ್ಲ. ಅವಳಿಗಿಲ್ಲವೆಂದು ನಾನು ಬಿಟ್ಟರೆ ಅವಳ ಬಾಂಡ್ಲಿಯಿಂದ ಒಂದು ಹಿಡಿ ಮರಳೂ ಇಳಿಯುವುದಿಲ್ಲ ಎಂಬುದೂ ನಿಜ. ಇದು ಒಳ್ಳೆಯ ವಾದವೋ ಅನುಕೂಲದ ವಾದವೋ ಇನ್ನೂ ತೀರ್ಮಾನಿಸಲಾಗಿಲ್ಲ. ಆದರೆ ಆ ಕ್ರಮದಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಏರಿಸುವ ನಿಯಮವಲ್ಲ, ಇಳಿಸುವ ನಿಯಮ. ಮೂರು ಸಲ ಆಗದಿದ್ದರೆ ಹತ್ತನೇ ಒಂದು ಪಾಲು ಕಡಿಮೆ ಮಾಡು ಎಂದು ಮೊದಲೇ ಬರೆದಿಟ್ಟಿದ್ದಾರೆ. ಅದು ಸೋಲಲ್ಲ, ಲೆಕ್ಕ. ನನ್ನ ಅಮ್ಮನ ಬದುಕಿನಲ್ಲಿ ಭಾರ ಏರುತ್ತ ಹೋದದ್ದನ್ನು ನೋಡಿದ್ದೇನೆ: ಮಕ್ಕಳು, ಮೈದುನಂದಿರು, ಅತ್ತೆ, ಅಪ್ಪನ ಕೊನೆಗಾಲ. ಇಷ್ಟು ಇಳಿಸಿಕೋ ಎಂದು ಯಾವ ಚೀಟಿಯಲ್ಲೂ ಬರೆದಿರಲಿಲ್ಲ.

ಈಗ ಅಮ್ಮನಿಗೆ ಎಂಬತ್ತು ದಾಟಿದೆ. ಕುರ್ಚಿಯಿಂದ ಏಳುವಾಗ ಏನಾದರೂ ಹಿಡಿದುಕೊಳ್ಳಬೇಕು. 1990ರಲ್ಲಿ ಅಮೆರಿಕದ ವೃದ್ಧಾಶ್ರಮವೊಂದರಲ್ಲಿ, ಸರಾಸರಿ 90 ವರ್ಷದ ಹತ್ತು ಜನರಿಗೆ ಎಂಟು ವಾರ ಕಾಲಿನ ತೂಕದ ಅಭ್ಯಾಸ ಮಾಡಿಸಿದರು. ಅವರ ಕಾಲಿನ ಬಲ ಸರಾಸರಿ 174 ಪಟ್ಟಲ್ಲ, ನೂರಕ್ಕೆ 174ರಷ್ಟು ಹೆಚ್ಚಿತು, ಅಂದರೆ ಎರಡೂವರೆ ಪಟ್ಟಿಗಿಂತ ಜಾಸ್ತಿಯಾಯಿತು. ಇದನ್ನು ಅಮ್ಮನಿಗೆ ಓದಿ ಹೇಳಿದೆ. "ಅವ್ರಿಗೇನು ಕೆಲಸ ಇಲ್ವಾ?" ಎಂದಳು. ಆದರೂ ಮುಂದಿನ ಭಾನುವಾರ ಮರದ ಕುರ್ಚಿಯನ್ನು ಗೋಡೆಗೆ ಒತ್ತಿಟ್ಟು, ಎದೆಯ ಮೇಲೆ ಕೈಕಟ್ಟಿಸಿ, ಕೂತು ಏಳಿಸಿದೆ. ನಾನು ಎಣಿಸುತ್ತಿದ್ದೆ. ಹತ್ತು ಮಾಡಿಸಬೇಕೆಂದು ನನ್ನ ಎಣಿಕೆ. ಏಳಕ್ಕೆ ಬಂದಾಗ ಅಮ್ಮ ಕೈ ಬಿಚ್ಚಿ ಕುರ್ಚಿಯಲ್ಲಿ ಆರಾಮಾಗಿ ಒರಗಿ, "ಸಾಕು ಕಣೆ, ಇವತ್ತಿಗೆ ಇಷ್ಟೇ. ಹೋಗು, ಕಾಫಿ ಮಾಡ್ಕೊಂಡು ಬಾ" ಎಂದಳು.

ನಾನು ಹಾಲು ಕಾಯಿಸಲು ಹೋದೆ.